ಹಾಲು ಕರೆಯುವ ಕೈಗೆ ಮನೆಯ ಸೋಪು: ಮೊದಲ ಬಾರಿ ತಯಾರಿಸುವವರಿಗೆ



ಶುದ್ಧ ಹಾಲು ಉತ್ಪಾದನೆಯ ಮಾತು ಬಂದಾಗ ಕೊಟ್ಟಿಗೆಯ ನೆಲ, ರಾಸಿನ ಕೆಚ್ಚಲು, ಪಾತ್ರೆ, ಸೋಸುವ ಬಟ್ಟೆ ಇವುಗಳ ಬಗ್ಗೆ ನಾವೆಲ್ಲ ಗಮನ ಕೊಡುತ್ತೇವೆ. ಇವೆಲ್ಲವನ್ನೂ ಮುಟ್ಟುವುದು ಹಾಲು ಕರೆಯುವವರ ಕೈ. ಕೆಚ್ಚಲು ಬಾವಿನ ಕೆಲವು ರೋಗಾಣುಗಳು ಒಂದು ಹಸುವಿನಿಂದ ಇನ್ನೊಂದಕ್ಕೆ ಹರಡುವುದು ಮುಖ್ಯವಾಗಿ ಈ ಕೈಯ ಮೂಲಕವೇ. ಆದ್ದರಿಂದ ಕರೆಯುವ ಮುಂಚೆ, ಒಂದು ರಾಸಿನಿಂದ ಇನ್ನೊಂದಕ್ಕೆ ಹೋಗುವ ಮುಂಚೆ ಸೋಪು ಹಚ್ಚಿ ಕೈ ತೊಳೆಯಬೇಕು ಎಂದು ಪಶುವೈದ್ಯರು ಹೇಳುತ್ತಾರೆ.

ಆದರೆ ದಿನಕ್ಕೆ ಎರಡು ಹೊತ್ತು, ಹೊತ್ತಿಗೆ ಮೂರು ನಾಲ್ಕು ಸಲ ಕೈ ತೊಳೆಯುವ ಮನೆಗಳಲ್ಲಿ ಬೇರೆ ತೊಂದರೆಗಳಿವೆ. ಬಟ್ಟೆ ಒಗೆಯುವ ಪುಡಿಯಲ್ಲೋ ಬಾರ್ ಸೋಪಿನಲ್ಲೋ ಕೈ ತೊಳೆದರೆ ಚಳಿಗಾಲದಲ್ಲಿ ಅಂಗೈ, ಬೆರಳ ಸಂದು ಒಡೆಯುತ್ತವೆ. ಒಡೆದ ಚರ್ಮದಲ್ಲಿ ರೋಗಾಣುಗಳು ಮನೆ ಮಾಡಿಕೊಳ್ಳುತ್ತವೆ. ಘಮಘಮಿಸುವ ಮೈ ಸೋಪು ಬಳಸಿದರೆ ಅದರ ವಾಸನೆ ಕೈಯಲ್ಲಿ ಉಳಿಯುತ್ತದೆ, ಹಾಲು ಬೇಗ ವಾಸನೆ ಹೀರಿಕೊಳ್ಳುವ ವಸ್ತು. ವಾಸನೆಯಿಲ್ಲದ, ಚರ್ಮ ಒಣಗಿಸದ, ಸಾದಾ ಸೋಪು ಕೊಟ್ಟಿಗೆಗೆ ಬೇಕು. ಅಂಥದ್ದನ್ನು ಮನೆಯಲ್ಲಿ ತಯಾರಿಸಬಹುದು. ಮೊದಲ ಬಾರಿ ಮಾಡುವವರಿಗಾಗಿ, ಬುಡದಿಂದ ತುದಿಯವರೆಗಿನ ಕ್ರಮವನ್ನು ಇಲ್ಲಿ ಕೊಟ್ಟಿದೆ.

ಒಂದು ಮಾತು ಮೊದಲೇ ತಿಳಿದಿರಲಿ. ಇದು ಅಡುಗೆಯಷ್ಟು ಸುಲಭವಾದರೂ ಅಡುಗೆಯಷ್ಟು ನಿರಪಾಯಕಾರಿಯಲ್ಲ. ಇದರಲ್ಲಿ ಬಳಸುವ ಕಾಸ್ಟಿಕ್ ಸೋಡಾ ಚರ್ಮವನ್ನೂ ಕಣ್ಣನ್ನೂ ಸುಡುವಂಥದ್ದು. ಎಚ್ಚರಿಕೆಯ ಭಾಗವನ್ನು ಬಿಟ್ಟು ಅಳತೆಯ ಭಾಗಕ್ಕೆ ಹಾರಬೇಡಿ.

ಸೋಪು ಆಗುವುದು ಹೇಗೆ?

ಹಾಲಿನ ಫ್ಯಾಟ್ ಎಂದರೆ ಏನೆಂದು ನಮಗೆ ಗೊತ್ತು, ದಿನವೂ ಅದರ ಲೆಕ್ಕದಲ್ಲೇ ಹಣ ಬರುತ್ತದೆ. ತೆಂಗಿನೆಣ್ಣೆ, ಕಡಲೆಕಾಯಿ ಎಣ್ಣೆ, ತುಪ್ಪ ಎಲ್ಲವೂ ಒಂದೇ ರೀತಿಯ ಕಟ್ಟಡ. ಒಂದು ಗ್ಲಿಸರಿನ್ ಕಣಕ್ಕೆ ಮೂರು ಕೊಬ್ಬಿನ ಆಮ್ಲಗಳು ಅಂಟಿಕೊಂಡಿರುತ್ತವೆ. ಕಾಸ್ಟಿಕ್ ಸೋಡಾದ ನೀರು ಸೇರಿದಾಗ ಈ ಅಂಟು ಬಿಡುತ್ತದೆ. ಕೊಬ್ಬಿನ ಆಮ್ಲಗಳು ಸೋಡಿಯಂ ಜೊತೆ ಕೂಡಿ ಸೋಪಾಗುತ್ತವೆ, ಗ್ಲಿಸರಿನ್ ಬೇರೆಯಾಗಿ ಅದರಲ್ಲೇ ಉಳಿಯುತ್ತದೆ. ಸರಿಯಾದ ಅಳತೆಯಲ್ಲಿ ಮಾಡಿ, ಸಾಕಷ್ಟು ದಿನ ಬಿಟ್ಟ ಸೋಪಿನಲ್ಲಿ ಕಾಸ್ಟಿಕ್ ಉಳಿದಿರುವುದಿಲ್ಲ, ಅದೆಲ್ಲ ಸೋಪಾಗಿ ಮಾರ್ಪಟ್ಟಿರುತ್ತದೆ.

ಕೊಬ್ಬಿನ ಈ ರಚನೆಯನ್ನು ಮೊದಲು ಬಿಡಿಸಿ ತೋರಿಸಿದವರು ಫ್ರಾನ್ಸಿನ ರಸಾಯನ ವಿಜ್ಞಾನಿ ಮಿಷೆಲ್ ಷೆವ್ರಲ್. ಅವರ ಗ್ರಂಥ 1823ರಲ್ಲಿ ಪ್ರಕಟವಾಯಿತು. ಬೆಣ್ಣೆಯಲ್ಲಿರುವ ಬ್ಯುಟಿರಿಕ್ ಆಮ್ಲವನ್ನು ಗುರುತಿಸಿದವರೂ ಅವರೇ. ಹಳಸಿದ ಬೆಣ್ಣೆಯ ವಾಸನೆ ಈ ಆಮ್ಲದ್ದು.

ಸೋಪಿನ ಕಣಕ್ಕೆ ಎರಡು ತುದಿ. ಒಂದು ತುದಿ ಜಿಡ್ಡನ್ನು ಹಿಡಿಯುತ್ತದೆ, ಇನ್ನೊಂದು ನೀರನ್ನು ಹಿಡಿಯುತ್ತದೆ. ಕೈಯ ಜಿಡ್ಡು, ಅದರಲ್ಲಿ ಅಂಟಿದ ಸಗಣಿ, ಕೊಳೆ, ರೋಗಾಣು ಎಲ್ಲವೂ ನೀರಿನ ಜೊತೆ ಹರಿದುಹೋಗುತ್ತವೆ. ಸೋಪಿನ ಮುಖ್ಯ ಕೆಲಸ ರೋಗಾಣುಗಳನ್ನು ಕೈಯಿಂದ ಕಿತ್ತು ಹೊರಹಾಕುವುದು. ಹಾಗಾಗಿ ಚೆನ್ನಾಗಿ ಉಜ್ಜಿ, ಹರಿಯುವ ನೀರಿನಲ್ಲಿ ತೊಳೆಯುವುದು ಸೋಪಿನಷ್ಟೇ ಮುಖ್ಯ.

ನಮ್ಮ ಹಿರಿಯರು ಸೀಗೆಕಾಯಿ, ಅಂಟುವಾಳ, ಕಡಲೆಹಿಟ್ಟು ಬಳಸುತ್ತಿದ್ದರು. ಮಡಿವಾಳರು ಸವಳು ಮಣ್ಣಿನಲ್ಲಿ ಬಟ್ಟೆ ಬೇಯಿಸುತ್ತಿದ್ದರು. ಪಾತ್ರೆಗೆ ಒಲೆಯ ಬೂದಿ ಇತ್ತು. ಸವಳು ಮಣ್ಣು, ಬೂದಿ ಎರಡರಲ್ಲೂ ಇರುವುದು ಕ್ಷಾರ. ಜಿಡ್ಡಿನ ಪಾತ್ರೆಗೆ ಬೂದಿ ಹಾಕಿ ಉಜ್ಜಿದಾಗ ಕೈಗೆ ಜಾರುವಂತಾಗುವುದು ಅಲ್ಲೇ ಸ್ವಲ್ಪ ಸೋಪು ಹುಟ್ಟುವುದರಿಂದ. ದೊಡ್ಡ ಪ್ರಮಾಣದ ಸೋಪು ತಯಾರಿಕೆ ನಮ್ಮ ನಾಡಿಗೆ ಬಂದದ್ದು ಕಳೆದ ಶತಮಾನದ ಎರಡನೇ ದಶಕದಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಕಾಲದಲ್ಲಿ, ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ ಬೆಂಗಳೂರಿನಲ್ಲಿ ಆರಂಭವಾದ ಸರ್ಕಾರಿ ಸೋಪು ಕಾರ್ಖಾನೆಯಿಂದ. ಮೈಸೂರು ಸ್ಯಾಂಡಲ್ ಸೋಪು ಅಲ್ಲಿನದು.

ಮೂರು ಸೋಡಾಗಳನ್ನು ಬೆರಸಬೇಡಿ

ಅಂಗಡಿಯಲ್ಲಿ ಸೋಡಾ ಎಂದರೆ ಮೂರು ಬಗೆ ಸಿಗಬಹುದು.

ಅಡುಗೆ ಸೋಡಾ: ಇಡ್ಲಿ, ಬಜ್ಜಿಗೆ ಹಾಕುವುದು. ಇದರಿಂದ ಸೋಪು ಆಗುವುದಿಲ್ಲ.

ವಾಷಿಂಗ್ ಸೋಡಾ: ಹಾಲಿನ ಪಾತ್ರೆ, ಕ್ಯಾನು ತೊಳೆಯಲು ಬಳಸುವುದು. ಇದರಿಂದಲೂ ಈ ಕ್ರಮದಲ್ಲಿ ಸೋಪು ಆಗುವುದಿಲ್ಲ.

ಕಾಸ್ಟಿಕ್ ಸೋಡಾ: ರಾಸಾಯನಿಕ ಅಂಗಡಿಗಳಲ್ಲಿ ಬಿಳಿ ಚೂರು ಅಥವಾ ಗುಂಡುಗಳ ರೂಪದಲ್ಲಿ ಸಿಗುತ್ತದೆ. ಸೋಪಿಗೆ ಬೇಕಾದದ್ದು ಇದು. ಡೇರಿಯ ಪ್ರಯೋಗಾಲಯದಲ್ಲಿ ಹಾಲಿನ ಹುಳಿ ಅಳೆಯಲು ಬಳಸುವುದೂ ಇದೇ, ಆದರೆ ಅಲ್ಲಿ ಅದು ತುಂಬಾ ತೆಳುವಾದ ದ್ರಾವಣ.

ಒಂದರ ಬದಲು ಇನ್ನೊಂದನ್ನು ಹಾಕಿದರೆ ಸೋಪು ಕೆಡುತ್ತದೆ. ಅದಕ್ಕಿಂತ ಕೆಟ್ಟದ್ದು, ಕಾಸ್ಟಿಕ್ ಸೋಡಾವನ್ನು ಅಡುಗೆ ಸೋಡಾ ಎಂದು ಯಾರಾದರೂ ಬಳಸಿಬಿಟ್ಟರೆ ಪ್ರಾಣಕ್ಕೇ ಅಪಾಯ. ನೋಡಲು ಅದು ಕಲ್ಲುಪ್ಪಿನಂತೆ, ಸಾಬೂದಾನಿಯಂತೆ ಕಾಣುತ್ತದೆ.

ಎಚ್ಚರಿಕೆ: ಇದನ್ನು ಎರಡು ಸಲ ಓದಿ

1. ಕಾಸ್ಟಿಕ್ ಸೋಡಾವನ್ನು ಭದ್ರ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು, "ವಿಷ – ಕಾಸ್ಟಿಕ್ ಸೋಡಾ" ಎಂದು ದಪ್ಪ ಅಕ್ಷರದಲ್ಲಿ ಬರೆದು, ಬೀಗ ಹಾಕುವ ಜಾಗದಲ್ಲಿಡಿ. ಅಡುಗೆಮನೆಯಲ್ಲಿ, ಪಶು ಆಹಾರ ಮತ್ತು ಖನಿಜ ಮಿಶ್ರಣದ ಪಕ್ಕದಲ್ಲಿ ಇಡಬೇಡಿ. ನೀರಿನ ಬಾಟಲಿ, ತಂಪುಪಾನೀಯದ ಬಾಟಲಿಗೆ ಎಂದಿಗೂ ತುಂಬಬೇಡಿ.

2. ಸೋಪು ಮಾಡುವ ಹೊತ್ತಿನಲ್ಲಿ ಮಕ್ಕಳು, ನಾಯಿ, ಕೋಳಿ, ಕರು ಹತ್ತಿರ ಸುಳಿಯಬಾರದು. ಹಿತ್ತಿಲಲ್ಲಿ ಅಥವಾ ಗಾಳಿಯಾಡುವ ಜಗಲಿಯಲ್ಲಿ ಮಾಡಿ. ಮಕ್ಕಳು ಶಾಲೆಗೆ ಹೋದ ಸಮಯ ಒಳ್ಳೆಯದು.

3. ಕೈಗೆ ಉದ್ದನೆಯ ರಬ್ಬರ್ ಗ್ಲೌಸ್, ಕಣ್ಣಿಗೆ ಸುತ್ತಲೂ ಮುಚ್ಚುವ ಕನ್ನಡಕ, ಮೈಗೆ ತುಂಬುತೋಳಿನ ಬಟ್ಟೆ, ಕಾಲಿಗೆ ಚಪ್ಪಲಿಯ ಬದಲು ಬೂಟು ಇರಲಿ. ಸೆರಗು, ದುಪ್ಪಟ್ಟಾ ಬಿಗಿಯಾಗಿ ಸಿಕ್ಕಿಸಿಕೊಳ್ಳಿ.

4. ಯಾವಾಗಲೂ ನೀರಿಗೆ ಕಾಸ್ಟಿಕ್ ಹಾಕಿ. ಕಾಸ್ಟಿಕ್ ಮೇಲೆ ನೀರು ಸುರಿದರೆ ಅದು ಕುದಿದು ಮುಖಕ್ಕೆ ಸಿಡಿಯುತ್ತದೆ.

5. ಅಲ್ಯೂಮಿನಿಯಂ ಪಾತ್ರೆ, ಅಲ್ಯೂಮಿನಿಯಂ ಹಾಲಿನ ಕ್ಯಾನು, ಅದರ ಮುಚ್ಚಳ ಯಾವುದನ್ನೂ ಬಳಸಬೇಡಿ. ಕಾಸ್ಟಿಕ್ ಅಲ್ಯೂಮಿನಿಯಂ ಅನ್ನು ತಿನ್ನುತ್ತದೆ, ಬೆಂಕಿ ಹತ್ತುವ ಹೈಡ್ರೋಜನ್ ಅನಿಲ ಹೊರಬರುತ್ತದೆ. ತಾಮ್ರ, ಹಿತ್ತಾಳೆ, ಕಲಾಯಿ ಪಾತ್ರೆಗಳೂ ಬೇಡ. ಸ್ಟೇನ್‌ಲೆಸ್ ಸ್ಟೀಲ್ ಅಥವಾ ದಪ್ಪ ಪ್ಲಾಸ್ಟಿಕ್ ಬಕೆಟ್ ಸರಿ. ಗಾಜು ಒಡೆಯಬಹುದು.

6. ಸೋಪಿಗೆ ಬಳಸಿದ ಪಾತ್ರೆ, ಸೌಟು, ಕಡೆಗೋಲು ಸೋಪಿಗೇ ಮೀಸಲು. ಅವುಗಳಿಗೆ ಬಣ್ಣದ ಗುರುತು ಹಾಕಿ. ಎಷ್ಟೇ ತೊಳೆದರೂ ಮರಳಿ ಹಾಲಿಗೆ, ಮಜ್ಜಿಗೆಗೆ ಬಳಸಬೇಡಿ. ಹಾಲಿಗೆ ಕಾಸ್ಟಿಕ್ ಅಂಶ ಸೇರಿದರೆ ಅದು ಕಲಬೆರಕೆಯೇ ಸರಿ. ನೀವು ಬೇಕೆಂದು ಬೆರೆಸಿದ್ದಲ್ಲ ಎಂಬುದನ್ನು ಪರೀಕ್ಷೆ ಹೇಳುವುದಿಲ್ಲ. ಒಂದು ಮನೆಯ ಹಾಲಿನಿಂದ ಇಡೀ ಸಂಘದ ಹಾಲು ತಿರಸ್ಕಾರವಾಗಬಹುದು.

ಅಪಘಾತವಾದರೆ: ಚರ್ಮಕ್ಕೆ ತಾಗಿದರೆ ತಕ್ಷಣ ಬಟ್ಟೆ ತೆಗೆದು, ಹರಿಯುವ ತಣ್ಣೀರಿನಲ್ಲಿ ಕನಿಷ್ಠ 20 ನಿಮಿಷ ತೊಳೆಯಿರಿ. ನಿಂಬೆರಸ, ವಿನೆಗರ್, ಹುಣಸೆ ನೀರು ಹಚ್ಚಬೇಡಿ, ನೀರೇ ಮದ್ದು. ಕಣ್ಣಿಗೆ ಬಿದ್ದರೆ ರೆಪ್ಪೆ ಬಿಡಿಸಿ ಹಿಡಿದು 20 ನಿಮಿಷಕ್ಕೆ ಕಡಿಮೆಯಿಲ್ಲದೆ ತೊಳೆದು ನೇರವಾಗಿ ಆಸ್ಪತ್ರೆಗೆ ಹೋಗಿ. ಯಾರಾದರೂ ನುಂಗಿದರೆ ವಾಂತಿ ಮಾಡಿಸಬೇಡಿ. ಇಳಿಯುವಾಗ ಸುಟ್ಟ ಅನ್ನನಾಳವನ್ನು ಹತ್ತುವಾಗ ಮತ್ತೆ ಸುಡುತ್ತದೆ. ಬಾಯಿ ಮುಕ್ಕಳಿಸಿ ಉಗುಳಿಸಿ, 108ಕ್ಕೆ ಕರೆ ಮಾಡಿ, ಡಬ್ಬಿಯನ್ನೂ ಜೊತೆಗೆ ಒಯ್ಯಿರಿ.

ಈ ಆರು ನಿಯಮಗಳನ್ನು ಪಾಲಿಸಲು ಆಗದ ಮನೆ, ಅಂದರೆ ಪುಟ್ಟ ಮಕ್ಕಳನ್ನು ನೋಡಿಕೊಳ್ಳಲು ಬೇರೆ ಯಾರೂ ಇಲ್ಲದ ಮನೆ, ಬೀಗದ ಜಾಗವಿಲ್ಲದ ಮನೆಯವರು ಸೋಪನ್ನು ಕೊಂಡು ತರುವುದೇ ಒಳ್ಳೆಯದು.

ತೂಕವೇ ಜೀವ

ಸಂಘದಲ್ಲಿ ಒಂದು ಲೀಟರ್ ಹಾಲು ತೂಗಿದರೆ ಸುಮಾರು 1 ಕಿಲೋ 30 ಗ್ರಾಂ ಬರುತ್ತದೆ. ಎಣ್ಣೆ ಹಾಗಲ್ಲ, ಒಂದು ಲೀಟರ್ ಅಡುಗೆ ಎಣ್ಣೆ ಸುಮಾರು 910ರಿಂದ 920 ಗ್ರಾಂ ಮಾತ್ರ. ಆದ್ದರಿಂದ ಸೋಪಿನ ಕೆಲಸದಲ್ಲಿ ಲೀಟರು, ಲೋಟ, ಚಮಚದ ಲೆಕ್ಕ ನಡೆಯುವುದಿಲ್ಲ. ಎಣ್ಣೆ, ನೀರು, ಕಾಸ್ಟಿಕ್ ಮೂರನ್ನೂ ಒಂದು ಗ್ರಾಂವರೆಗೆ ತೋರಿಸುವ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ತೂಗಬೇಕು.

ಒಂದೊಂದು ಎಣ್ಣೆ ಒಂದೊಂದು ಪ್ರಮಾಣದ ಕಾಸ್ಟಿಕ್ ಬೇಡುತ್ತದೆ. 100 ಗ್ರಾಂ ಎಣ್ಣೆ ಪೂರ್ತಿ ಸೋಪಾಗಲು ಬೇಕಾಗುವ ಕಾಸ್ಟಿಕ್ ಸುಮಾರು ಹೀಗಿದೆ:

ತೆಂಗಿನೆಣ್ಣೆ – 18.3 ಗ್ರಾಂ
ತುಪ್ಪ – 16.2 ಗ್ರಾಂ
ತಾಳೆ ಎಣ್ಣೆ – 14.1 ಗ್ರಾಂ
ಕಡಲೆಕಾಯಿ ಎಣ್ಣೆ – 13.6 ಗ್ರಾಂ
ಸೂರ್ಯಕಾಂತಿ ಎಣ್ಣೆ – 13.4 ಗ್ರಾಂ
ಹರಳೆಣ್ಣೆ – 12.8 ಗ್ರಾಂ

ಹಾಗಾಗಿ ಕೆಳಗೆ ಕೊಟ್ಟ ಅಳತೆಯಲ್ಲಿ ಒಂದು ಎಣ್ಣೆಯ ಬದಲು ಇನ್ನೊಂದನ್ನು ಹಾಕಿದರೆ ಕಾಸ್ಟಿಕ್ ಲೆಕ್ಕವನ್ನೂ ಬದಲಿಸಬೇಕು. ತೆಂಗಿನೆಣ್ಣೆಯ ಲೆಕ್ಕದ ಕಾಸ್ಟಿಕ್ಕನ್ನು ಕಡಲೆಕಾಯಿ ಎಣ್ಣೆಗೆ ಹಾಕಿದರೆ ಉಳಿದ ಕಾಸ್ಟಿಕ್ ಕೈ ಸುಡುತ್ತದೆ.

ಮೊದಲ ಬಾರಿಗೆ ಅರ್ಧ ಕಿಲೋ ಎಣ್ಣೆಯ ಅಳತೆ ಸಾಕು:

ತೆಂಗಿನೆಣ್ಣೆ – 250 ಗ್ರಾಂ
ಕಡಲೆಕಾಯಿ ಎಣ್ಣೆ – 200 ಗ್ರಾಂ
ಹರಳೆಣ್ಣೆ – 50 ಗ್ರಾಂ
ಕಾಸ್ಟಿಕ್ ಸೋಡಾ – 74 ಗ್ರಾಂ
ನೀರು – 150 ಗ್ರಾಂ

ಲೆಕ್ಕ ಹೇಗೆ ಬಂತು ನೋಡಿ. ತೆಂಗಿನೆಣ್ಣೆಗೆ 45.75, ಕಡಲೆಕಾಯಿ ಎಣ್ಣೆಗೆ 27.2, ಹರಳೆಣ್ಣೆಗೆ 6.4, ಒಟ್ಟು 79.35 ಗ್ರಾಂ. ಇದರಲ್ಲಿ ಶೇ. 7ರಷ್ಟು ಕಡಿಮೆ ಮಾಡಿದರೆ 74 ಗ್ರಾಂ. ಹೀಗೆ ಕಡಿಮೆ ಮಾಡುವುದು ಜಿಪುಣತನವಲ್ಲ. ಸ್ವಲ್ಪ ಎಣ್ಣೆ ಸೋಪಾಗದೆ ಉಳಿದು ಚರ್ಮ ಒಣಗದಂತೆ ನೋಡಿಕೊಳ್ಳುತ್ತದೆ, ಎಣ್ಣೆಯ ಗುಣದಲ್ಲಿ ಸ್ವಲ್ಪ ಹೆಚ್ಚುಕಡಿಮೆ ಇದ್ದರೂ ಕಾಸ್ಟಿಕ್ ಉಳಿಯದಂತೆ ಕಾಪಾಡುತ್ತದೆ. ಈ ಅಂತರವನ್ನು ತೆಗೆಯಬೇಡಿ.

ತೆಂಗಿನೆಣ್ಣೆ ಸೋಪಿಗೆ ಗಟ್ಟಿತನ, ಬೇಗ ಏಳುವ ನೊರೆ ಕೊಡುತ್ತದೆ. ಅದೊಂದೇ ಆದರೆ ಚರ್ಮ ಬಿಗಿಯುತ್ತದೆ. ಕಡಲೆಕಾಯಿ ಎಣ್ಣೆ ಮೃದುವಾಗಿಸುತ್ತದೆ. ಹರಳೆಣ್ಣೆ ನೊರೆಯನ್ನು ನಿಲ್ಲಿಸುತ್ತದೆ. ಕರಿದ ಎಣ್ಣೆ, ಕಮಟು ಎಣ್ಣೆ ಮೊದಲ ಸಲ ಬೇಡ.

ನೀರಿನ ಬಗ್ಗೆಯೂ ಒಂದು ಮಾತು. ಬೋರ್‌ವೆಲ್‌ನ ಗಡಸು ನೀರಿನಲ್ಲಿರುವ ಸುಣ್ಣದ ಅಂಶ ಸೋಪನ್ನು ಹಿಡಿದುಕೊಂಡು ಮೊಸರು ಒಡೆದಂಥ ಗಸಿ ಮಾಡುತ್ತದೆ. ತಯಾರಿಕೆಗೆ ಸೋಸಿದ ಮಳೆನೀರು ಅಥವಾ ಊರಿನ ಶುದ್ಧ ಕುಡಿಯುವ ನೀರಿನ ಘಟಕದ ನೀರು ಬಳಸಿ.

ತಯಾರಿಸುವ ಕ್ರಮ

ಮೊದಲು ಅಚ್ಚು ಸಿದ್ಧವಾಗಿರಲಿ. ಮರದ ಪುಟ್ಟ ಪೆಟ್ಟಿಗೆ ಅಥವಾ ಪ್ಲಾಸ್ಟಿಕ್ ಡಬ್ಬಿ ಸಾಕು. ಒಳಗೆ ಹಾಸಲು ಖಾಲಿ ಹಾಲಿನ ಪ್ಯಾಕೆಟ್‌ಗಳನ್ನು ಕತ್ತರಿಸಿ, ತೊಳೆದು ಒಣಗಿಸಿ ಬಳಸಬಹುದು. ಆ ಪ್ಲಾಸ್ಟಿಕ್ಕಿಗೆ ಸೋಪು ಅಂಟುವುದಿಲ್ಲ.

ಹಂತ 1. ಸ್ಟೀಲ್ ಪಾತ್ರೆಯಲ್ಲಿ 150 ಗ್ರಾಂ ತಣ್ಣೀರು ತೂಗಿ. ಬೇರೆ ಒಣ ಡಬ್ಬಿಯಲ್ಲಿ 74 ಗ್ರಾಂ ಕಾಸ್ಟಿಕ್ ತೂಗಿ. ಗ್ಲೌಸ್, ಕನ್ನಡಕ ಹಾಕಿಕೊಂಡು, ಗಾಳಿ ಬೀಸುವ ಕಡೆಗೆ ಬೆನ್ನು ಮಾಡಿ ನಿಂತು, ಕಾಸ್ಟಿಕ್ಕನ್ನು ಸ್ವಲ್ಪ ಸ್ವಲ್ಪವಾಗಿ ನೀರಿಗೆ ಹಾಕುತ್ತಾ ಕಲಕಿ. ಒಲೆಯಿಲ್ಲದೆಯೇ ನೀರು ಸುಡುವಷ್ಟು ಬಿಸಿಯಾಗುತ್ತದೆ, ಹೊಗೆಯಂಥ ಆವಿ ಏಳುತ್ತದೆ. ಮುಖ ಬಗ್ಗಿಸಿ ನೋಡಬೇಡಿ, ಆವಿ ಕುಡಿಯಬೇಡಿ. ಪೂರ್ತಿ ಕರಗಿದ ಮೇಲೆ ಯಾರ ಕೈಗೂ ಸಿಗದ ಜಾಗದಲ್ಲಿ ಆರಲು ಬಿಡಿ.

ಹಂತ 2. ಮೂರು ಎಣ್ಣೆಗಳನ್ನು ತೂಗಿ ದೊಡ್ಡ ಪಾತ್ರೆಯಲ್ಲಿ ಬೆರೆಸಿ. ಚಳಿಗೆ ತೆಂಗಿನೆಣ್ಣೆ ಗಟ್ಟಿಯಾಗಿದ್ದರೆ ಸಣ್ಣ ಉರಿಯಲ್ಲಿ ಕರಗಿಸಿ. ಪಾತ್ರೆ ಅರ್ಧಕ್ಕಿಂತ ಹೆಚ್ಚು ತುಂಬಿರಬಾರದು.

ಹಂತ 3. ಎಣ್ಣೆಯೂ ಕಾಸ್ಟಿಕ್ ನೀರೂ ಸುಮಾರು 40 ಡಿಗ್ರಿಗೆ ಬರಲಿ. ಥರ್ಮಾಮೀಟರ್ ಇಲ್ಲದಿದ್ದರೆ ಪಾತ್ರೆಯ ಹೊರಮೈ ಮುಟ್ಟಿ ನೋಡಿ. ಆಗಷ್ಟೇ ಕರೆದ ಹಾಲಿನ ಪಾತ್ರೆಯಷ್ಟು ಬೆಚ್ಚಗಿದ್ದರೆ ಸರಿ. ಬೆರಳನ್ನು ಒಳಗೆ ಅದ್ದಿ ನೋಡಬಾರದು.

ಹಂತ 4. ಕಾಸ್ಟಿಕ್ ನೀರನ್ನು ಎಣ್ಣೆಗೆ ಸಣ್ಣ ಧಾರೆಯಾಗಿ ಸುರಿಯುತ್ತಾ ಕಲಕಿ. ವಿದ್ಯುತ್ ಹ್ಯಾಂಡ್ ಬ್ಲೆಂಡರ್ ಇದ್ದರೆ ಅದರ ಅಲಗು ಪೂರ್ತಿ ಮುಳುಗಿದ ಮೇಲೆ ಮಾತ್ರ ಚಾಲೂ ಮಾಡಿ, ಬಿಟ್ಟು ಬಿಟ್ಟು ನಡೆಸಿದರೆ ಕೆಲವೇ ನಿಮಿಷದಲ್ಲಿ ಹದ ಬರುತ್ತದೆ. ಕಡೆಗೋಲಿನಲ್ಲಿ ಕಡೆದರೆ ಮುಕ್ಕಾಲು ಗಂಟೆ, ಕೆಲವೊಮ್ಮೆ ಅದಕ್ಕೂ ಹೆಚ್ಚು ಬೇಕು. ಮೊಸರು ಕಡೆಯುವ ರಭಸ ಬೇಡ, ಸಿಡಿಯದಂತೆ ನಿಧಾನವಾಗಿ ಕಡೆಯಿರಿ.

ಹಂತ 5. ಹದ ನೋಡುವುದೇ ಇದರ ಗುಟ್ಟು. ಮೊದಲು ಎಣ್ಣೆಯಂತಿದ್ದದ್ದು ಮಂಕಾಗಿ, ಮಜ್ಜಿಗೆಯಂತಾಗಿ, ಆಮೇಲೆ ನೀರು ದೋಸೆ ಹಿಟ್ಟಿಗಿಂತ ಗಟ್ಟಿಯಾದ ಹದಕ್ಕೆ ಬರುತ್ತದೆ. ಸೌಟಿನಿಂದ ಮೇಲೆ ಒಂದು ಗೀರು ಬಿಟ್ಟರೆ ಆ ಗೀರು ಕ್ಷಣಹೊತ್ತು ಅಳಿಸದೆ ನಿಲ್ಲಬೇಕು. ಎಲ್ಲೂ ಎಣ್ಣೆಯ ಗೆರೆ ಕಾಣಬಾರದು. ಆಗ ಸುರಿಯುವ ಸಮಯ.

ಹಂತ 6. ಅಚ್ಚಿಗೆ ಸುರಿದು, ತಟ್ಟಿ ಗಾಳಿ ಬಿಡಿಸಿ, ಮುಚ್ಚಿ, ಮೇಲೆ ಗೋಣಿಚೀಲ ಹೊದಿಸಿ ಒಂದು ದಿನ ಬಿಡಿ. ಒಳಗೆ ತಾನಾಗಿಯೇ ಕಾವು ಏರಿ ಇಳಿಯುತ್ತದೆ. ಈ ಹಂತದಲ್ಲಿ ಅದು ಇನ್ನೂ ಸುಡುವ ವಸ್ತುವೇ. ಬರಿಗೈಯಲ್ಲಿ ಮುಟ್ಟಬೇಡಿ.

ಹಂತ 7. 24ರಿಂದ 48 ಗಂಟೆಗಳ ನಂತರ, ಒತ್ತಿದರೆ ಗಟ್ಟಿ ಬೆಣ್ಣೆಯಂತಿದ್ದಾಗ, ಗ್ಲೌಸ್ ಹಾಕಿಕೊಂಡು ಹೊರತೆಗೆದು ತುಂಡು ಮಾಡಿ. ಈ ಅಳತೆಗೆ ಒಣಗಿದ ಮೇಲೆ ಸುಮಾರು 100 ಗ್ರಾಂನ ಆರು ಬಿಲ್ಲೆ ಸಿಗುತ್ತವೆ.

ಪಾತ್ರೆಗಳಿಗೆ ಅಂಟಿದ್ದನ್ನು ಮೊದಲು ಹಳೇ ಬಟ್ಟೆಯಿಂದ ಒರೆಸಿ, ಆಮೇಲೆ ಗ್ಲೌಸ್ ತೆಗೆಯದೆ ತೊಳೆಯಿರಿ. ಆ ನೀರು ದನ ಕುಡಿಯುವ ತೊಟ್ಟಿಯ ಕಡೆಗೋ ಬಾವಿಯ ಕಡೆಗೋ ಹರಿಯದಂತೆ ನೋಡಿಕೊಳ್ಳಿ.

ನಾಲ್ಕು ವಾರ ತಾಳ್ಮೆ

ಬಿಲ್ಲೆಗಳನ್ನು ಒಂದಕ್ಕೊಂದು ತಾಗದಂತೆ ಮರದ ಹಲಗೆಯ ಮೇಲೆ, ನೆರಳಲ್ಲಿ, ಗಾಳಿಯಾಡುವಲ್ಲಿ ಜೋಡಿಸಿ. ವಾರಕ್ಕೊಮ್ಮೆ ತಿರುವಿ ಹಾಕಿ. ಕನಿಷ್ಠ ನಾಲ್ಕು ವಾರ, ಆರಾದರೆ ಇನ್ನೂ ಒಳ್ಳೆಯದು. ಈ ಅವಧಿಯಲ್ಲಿ ನೀರಿನಂಶ ಆರಿ ಸೋಪು ಗಟ್ಟಿಯಾಗುತ್ತದೆ, ನೀರಿನಲ್ಲಿ ಬೇಗ ಕರಗುವುದಿಲ್ಲ, ಚರ್ಮಕ್ಕೂ ಹಿತವಾಗುತ್ತದೆ. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಸೋಪು ಒಣಗುವುದು ತಡ. ಗ್ಲಿಸರಿನ್ ಗಾಳಿಯ ತೇವ ಎಳೆದು ಬಿಲ್ಲೆಯ ಮೇಲೆ ಬೆವರಿನಂಥ ಹನಿ ಕಾಣಬಹುದು. ಅದು ಕೆಟ್ಟದ್ದಲ್ಲ. ಮೊದಲ ಪ್ರಯತ್ನಕ್ಕೆ ಬೇಸಿಗೆ ಅನುಕೂಲ.

ಬಳಸುವ ಮುಂಚೆ ಪರೀಕ್ಷೆ ಮಾಡಲೇಬೇಕು. ಒದ್ದೆ ಬೆರಳನ್ನು ಸೋಪಿನ ಮೇಲೆ ಉಜ್ಜಿ, ಆ ಬೆರಳನ್ನು ನಾಲಿಗೆಯ ತುದಿಗೆ ಮುಟ್ಟಿಸಿ, ಕೂಡಲೇ ಉಗುಳಿ ಬಾಯಿ ತೊಳೆಯಿರಿ. ಬರೀ ಸೋಪಿನ ರುಚಿಯಾದರೆ ಸರಿ. ಬ್ಯಾಟರಿ ಸೆಲ್ಲಿಗೆ ನಾಲಿಗೆ ತಾಗಿಸಿದಂತೆ ಚುರುಕ್ ಎಂದರೆ ಕಾಸ್ಟಿಕ್ ಉಳಿದಿದೆ ಎಂದರ್ಥ. ಇನ್ನೆರಡು ವಾರ ಬಿಟ್ಟು ನೋಡಿ. ಆಗಲೂ ಚುರುಕೆಂದರೆ ಆ ಸೋಪನ್ನು ಮೈಗಾಗಲೀ ಕೈಗಾಗಲೀ ಬಳಸಬೇಡಿ.

ಏನು ಕಂಡರೆ ಏನರ್ಥ?

ಮೇಲೆ ಬಿಳಿ ಪುಡಿ: ಗಾಳಿ ತಾಗಿ ಆದ ಸೋಡಾ ಪುಡಿ. ಅಪಾಯವಿಲ್ಲ. ಒರೆಸಿದರೆ ಹೋಗುತ್ತದೆ.

ಮೇಲೆ ಎಣ್ಣೆ ತೇಲುವುದು: ಹದ ಬರುವ ಮುಂಚೆಯೇ ಸುರಿದಿದ್ದೀರಿ ಅಥವಾ ತೂಕ ತಪ್ಪಿದೆ. ಮೊದಲ ದಿನವೇ ಕಂಡರೆ ಗ್ಲೌಸ್ ಹಾಕಿ ಮರಳಿ ಪಾತ್ರೆಗೆ ಹಾಕಿ ಕಡೆಯಬಹುದು.

ಕತ್ತರಿಸಿದಾಗ ಪುಡಿಪುಡಿಯಾಗುವುದು, ಒಳಗೆ ಬಿಳಿ ಗಂಟು ಅಥವಾ ನೀರಿನ ಗುಳಿ: ಕಾಸ್ಟಿಕ್ ಹೆಚ್ಚಾಗಿದೆ ಅಥವಾ ಕರಗದೆ ಉಳಿದಿದೆ. ಇದನ್ನು ಬಳಸಬೇಡಿ. ದನಕರು ಓಡಾಡದ ಜಾಗದಲ್ಲಿ ಆಳವಾಗಿ ಹೂಳಿ.

ಕೆಲವು ತಿಂಗಳಲ್ಲಿ ಕಿತ್ತಳೆ ಬಣ್ಣದ ಚುಕ್ಕೆ, ಕಮಟು ವಾಸನೆ: ಎಣ್ಣೆ ಹಳತಾಗಿತ್ತು. ಕೈ ಸುಡುವುದಿಲ್ಲ, ಆದರೆ ಕೊಟ್ಟಿಗೆಗೆ ಬೇಡ. ಆ ವಾಸನೆ ಹಾಲಿಗೆ ಹೋಗುತ್ತದೆ.

ಹಾಲು ಹಾಕಿದರೆ?

ಹಾಲಿನ ಸೋಪು ಎಂದರೆ ಹಾಲು ಉತ್ಪಾದಕರಿಗೆ ಆಸೆ ಹುಟ್ಟುವುದು ಸಹಜ. ಎರಡನೇ ಸಲ ಮಾಡುವಾಗ ಪ್ರಯತ್ನಿಸಿ, ಮೊದಲ ಸಲ ಬೇಡ. 150 ಗ್ರಾಂ ನೀರಿನ ಬದಲು 90 ಗ್ರಾಂ ನೀರಿನಲ್ಲಿ ಕಾಸ್ಟಿಕ್ ಕರಗಿಸಿ ಪೂರ್ತಿ ಆರಿಸಿ. ಈ ದ್ರಾವಣ ಇನ್ನೂ ಗಟ್ಟಿ, ಇನ್ನೂ ಬಿಸಿ, ಆದ್ದರಿಂದ ಎಚ್ಚರಿಕೆಯೂ ಹೆಚ್ಚು ಬೇಕು. ಉಳಿದ 60 ಗ್ರಾಂ ಅನ್ನು ಕಾಸಿ ಆರಿಸಿದ ತಣ್ಣನೆಯ ಹಾಲಾಗಿ, ಎಣ್ಣೆ ಮತ್ತು ಕಾಸ್ಟಿಕ್ ನೀರು ಬೆರೆತು ಹದ ಬರುವ ಹೊತ್ತಿಗೆ ಸೇರಿಸಿ. ಬಿಸಿ ಕಾಸ್ಟಿಕ್ ನೀರಿಗೆ ನೇರವಾಗಿ ಹಾಲು ಸುರಿದರೆ ಹಾಲಿನ ಸಕ್ಕರೆ ಸುಟ್ಟು ಕಂದಾಗುತ್ತದೆ, ಅಮೋನಿಯಾದಂಥ ಘಾಟು ಬರುತ್ತದೆ. ಜಾಗ್ರತೆಯಿಂದ ಮಾಡಿದರೂ ಸೋಪು ಕೆನೆ ಬಣ್ಣಕ್ಕೆ ತಿರುಗುತ್ತದೆ, ಅದು ದೋಷವಲ್ಲ. ಹಾಲಿನ ಸೋಪಿಗೆ ಗೋಣಿ ಹೊದಿಸಬೇಡಿ, ಕಾವು ಹೆಚ್ಚಾಗಿ ಬಿರಿಯಬಹುದು.

ಹಾಲಿನಿಂದ ಸೋಪಿಗೆ ಸ್ವಲ್ಪ ಕೊಬ್ಬು, ಸ್ವಲ್ಪ ಸಕ್ಕರೆ ಸೇರಿ ನೊರೆ ನಯವಾಗುತ್ತದೆ. ಇದಕ್ಕಿಂತ ಹೆಚ್ಚಿನ ಪವಾಡ ನಿರೀಕ್ಷಿಸಬೇಡಿ. ಶೇ. 4 ಫ್ಯಾಟಿನ 60 ಗ್ರಾಂ ಹಾಲಿನಲ್ಲಿ ಕೊಬ್ಬು ಇರುವುದು ಎರಡೂವರೆ ಗ್ರಾಂಗಿಂತ ಕಡಿಮೆ. ತುಪ್ಪದ ಸೋಪು ದುಬಾರಿ, ಬೆಣ್ಣೆಯ ವಾಸನೆಯೂ ಉಳಿಯಬಹುದು. ಚಿಕಿತ್ಸೆಯಲ್ಲಿರುವ ರಾಸಿನ, ಔಷಧಿಯ ಅಂಶವಿರುವ ಹಾಲನ್ನು "ಸೋಪಿಗಾದರೂ ಆಗಲಿ" ಎಂದು ಬಳಸಬೇಡಿ. ಕೊಟ್ಟಿಗೆಯ ಕೈ ತೊಳೆಯಲು ಹಾಲು ಹಾಕದ ಸೋಪೇ ಉತ್ತಮ.

ಕೊಟ್ಟಿಗೆಯಲ್ಲಿ ಬಳಸುವ ಬಗೆ

ಸೋಪನ್ನು ನೀರು ಬಸಿಯುವ, ತೂತಿರುವ ಬಿಲ್ಲೆಯ ಮೇಲಿಡಿ. ನೀರಿನಲ್ಲಿ ನೆನೆಯುತ್ತಾ ಕೂತ ಮನೆಸೋಪು ವಾರದಲ್ಲಿ ಕರಗುತ್ತದೆ. ಕರು ನೆಕ್ಕದಷ್ಟು ಎತ್ತರದಲ್ಲಿರಲಿ. ಮೊಣಕೈವರೆಗೆ ಸೋಪು ಹಚ್ಚಿ, ಉಗುರು, ಬೆರಳ ಸಂದು ಉಜ್ಜಿ, ಜಾರುವುದು ನಿಲ್ಲುವವರೆಗೆ ತೊಳೆದು, ಒಣ ಶುದ್ಧ ಬಟ್ಟೆಯಲ್ಲಿ ಒರೆಸಿದ ಮೇಲೆಯೇ ಕೆಚ್ಚಲಿಗೆ ಕೈ ಹಾಕಿ.

ಈ ಸೋಪು ಕೈಗೆ ಮಾತ್ರ. ಕೆಚ್ಚಲನ್ನು ಶುದ್ಧ ನೀರಿನಲ್ಲಿ ತೊಳೆದು ಒರೆಸಿದರೆ ಸಾಕು. ಹಾಲಿನ ಪಾತ್ರೆ, ಕ್ಯಾನು, ಹಾಲು ಕರೆಯುವ ಯಂತ್ರಕ್ಕೆ ಸಂಘ ಸೂಚಿಸಿದ ಸ್ವಚ್ಛತಾ ಪುಡಿ, ದ್ರಾವಣವನ್ನೇ ಬಳಸಿ. ಮನೆಸೋಪು ಜಿಡ್ಡಿನ ಪದರ ಬಿಡುತ್ತದೆ. ಕೆಚ್ಚಲು ಬಾವಿಗೆ ಸೋಪು ಮದ್ದಲ್ಲ. ಬಾವು ಬಂದ ರಾಸನ್ನು ಕೊನೆಯಲ್ಲಿ ಕರೆಯಿರಿ, ಕರೆದ ಮೇಲೆ ಮೊಲೆತೊಟ್ಟು ಅದ್ದುವ ದ್ರಾವಣ ಮತ್ತು ಚಿಕಿತ್ಸೆಗೆ ಪಶುವೈದ್ಯರನ್ನು ಕೇಳಿ.

ಖರ್ಚು ಮತ್ತು ಮಾರಾಟ

ಲೆಕ್ಕ ಹಾಕುವುದು ಸುಲಭ. ನಿಮ್ಮೂರಿನ ದರದಲ್ಲಿ ಕಾಲು ಕಿಲೋ ತೆಂಗಿನೆಣ್ಣೆ, 200 ಗ್ರಾಂ ಕಡಲೆಕಾಯಿ ಎಣ್ಣೆ, 50 ಗ್ರಾಂ ಹರಳೆಣ್ಣೆ, 74 ಗ್ರಾಂ ಕಾಸ್ಟಿಕ್ ಇವುಗಳ ಬೆಲೆ ಕೂಡಿಸಿ ಆರರಿಂದ ಭಾಗಿಸಿ. ಎಣ್ಣೆ ಕೊಂಡು ಮಾಡುವವರಿಗೆ ಅಂಗಡಿಯ ಅಗ್ಗದ ಸೋಪಿಗಿಂತ ಉಳಿತಾಯವಾಗದೆ ಇರಬಹುದು. ತೋಟದ ಕೊಬ್ಬರಿ ಗಾಣಕ್ಕೆ ಹಾಕಿಸುವವರಿಗೆ, ಹೊಲದ ಬದುವಿನ ಹರಳು ಇರುವವರಿಗೆ ಲೆಕ್ಕ ಬೇರೆ. ಉಳಿತಾಯಕ್ಕಿಂತ ಮುಖ್ಯ ಲಾಭ ಕೈ ಒಡೆಯದಿರುವುದು, ಹಾಲಿಗೆ ವಾಸನೆ ತಾಗದಿರುವುದು.

ಮಹಿಳಾ ಸಂಘ, ಸ್ತ್ರೀಶಕ್ತಿ ಗುಂಪಿನ ಸದಸ್ಯರು ಮಾರಾಟದ ಯೋಚನೆ ಮಾಡಿದರೆ ಒಂದು ವಿಷಯ ತಿಳಿದಿರಬೇಕು. ಸ್ವಂತ ಬಳಕೆಗೆ ಮಾಡುವುದು ಬೇರೆ, ಮಾರುವುದು ಬೇರೆ. ಮೈ ಸೋಪನ್ನು ಮಾರಾಟಕ್ಕಾಗಿ ತಯಾರಿಸಲು ಔಷಧ ಮತ್ತು ಕಾಂತಿವರ್ಧಕ ಕಾಯ್ದೆ, 1940 ಹಾಗೂ ಕಾಂತಿವರ್ಧಕ ನಿಯಮಗಳು, 2020ರ ಅಡಿಯಲ್ಲಿ ಪರವಾನಗಿ ಬೇಕು. ಅದಕ್ಕಾಗಿ ಔಷಧ ನಿಯಂತ್ರಣ ಇಲಾಖೆಯನ್ನು ಮೊದಲೇ ವಿಚಾರಿಸಿ. "ಕಜ್ಜಿ ವಾಸಿಯಾಗುತ್ತದೆ", "ಬಿಳಿಯಾಗುತ್ತೀರಿ" ಎಂದು ಹೇಳಿ ಮಾರಬೇಡಿ. ನೆರೆಯವರಿಗೆ ಕೊಡುವಾಗಲೂ ನಾಲ್ಕು ವಾರ ದಾಟಿದ, ನಾಲಿಗೆ ಪರೀಕ್ಷೆ ಮುಗಿದ ಬಿಲ್ಲೆಯನ್ನೇ ಕೊಡಿ.

ಮೊದಲ ತಯಾರಿಕೆಯ ದಿನಾಂಕ, ಪ್ರತಿಯೊಂದರ ತೂಕ, ಹದ ಬರಲು ಹಿಡಿದ ಸಮಯ ಇಷ್ಟನ್ನು ಹಾಲಿನ ಪಾಸ್‌ಬುಕ್‌ನಂತೆಯೇ ಒಂದು ಪುಸ್ತಕದಲ್ಲಿ ಬರೆದಿಡಿ. ಸೋಪು ಚೆನ್ನಾಗಿ ಬಂದರೆ ಅದೇ ಕ್ರಮ ಮತ್ತೆ ಮಾಡಲು, ಕೆಟ್ಟರೆ ಎಲ್ಲಿ ಕೆಟ್ಟಿತೆಂದು ತಿಳಿಯಲು ಆ ಬರಹವೇ ದಾರಿ. ಉಳಿದ ಕಾಸ್ಟಿಕ್ ಡಬ್ಬಿಗೆ ಅಂದೇ ಬೀಗ ಹಾಕಿ, ಬೀಗದ ಕೈಯನ್ನು ಮಕ್ಕಳಿಗೆ ಸಿಗದ ಕಡೆ ಇಡಿ.